ಹೆಡ್‌ಸೆಟ್ ಒಳಗಿನ ಲೋಕಕ್ಕೆ ನಿಯಮ ಬರೆಯೋರು ಯಾರು?

2023ರ ಫೆಬ್ರವರಿಯಲ್ಲಿ ಬ್ರಸೆಲ್ಸ್‌ನಲ್ಲಿ ಸುಮಾರು 150 ಮಂದಿ ಸಭೆ ಸೇರಿದರು. ಯುರೋಪಿಯನ್ ಒಕ್ಕೂಟದ 27 ದೇಶಗಳಿಂದ ಚೀಟಿ ಎತ್ತಿದ ಹಾಗೆ ಆರಿಸಿದ ಸಾಮಾನ್ಯ ಜನ. ಮೂವರಲ್ಲಿ ಒಬ್ಬರು 16ರಿಂದ 25 ವರ್ಷದ ಒಳಗಿನವರು. ತಂತ್ರಜ್ಞಾನ ಗೊತ್ತಿರಬೇಕು ಅನ್ನೋ ಷರತ್ತೇನೂ ಇರಲಿಲ್ಲ. ಅವರ ಮುಂದಿಟ್ಟ ಪ್ರಶ್ನೆ ಮಾತ್ರ ದೊಡ್ಡದು. ನಾಳೆ ಜನ ಕಣ್ಣಿನ ಮುಂದೆ ಪರದೆ ಇರುವ ಹೆಡ್‌ಸೆಟ್ ಹಾಕಿಕೊಂಡು, ಕಂಪ್ಯೂಟರ್ ಕಟ್ಟಿದ ಲೋಕಗಳ ಒಳಗೆ ಹೋಗಿ ಓದುತ್ತಾರೆ, ದುಡಿಯುತ್ತಾರೆ, ಹರಟುತ್ತಾರೆ. ಆ ಲೋಕಗಳಿಂದ ಎಲ್ಲರಿಗೂ ಒಳ್ಳೆಯದಾಗಬೇಕಾದರೆ ಏನು ಮಾಡಬೇಕು?

ಎರಡು ತಿಂಗಳಲ್ಲಿ ಮೂರು ವಾರಾಂತ್ಯ ಕೂತು ಅವರು 23 ಶಿಫಾರಸು ಬರೆದುಕೊಟ್ಟರು. ಅದರ ಕಥೆಗೆ ಆಮೇಲೆ ಬರೋಣ. ಅವರು ಯಾಕೆ ಅಷ್ಟು ತಲೆ ಕೆಡಿಸಿಕೊಂಡರು ಅಂತ ತಿಳಿಯಬೇಕಾದರೆ, ಈ ಲೋಕಗಳು ಹೇಗೆ ಕೆಲಸ ಮಾಡುತ್ತವೆ ಅನ್ನೋದು ಮೊದಲು ಗೊತ್ತಾಗಬೇಕು. ನಮಗೂ ಇದು ಈಗ ದೂರದ ವಿಷಯವಲ್ಲ. ಮಾಲ್‌ನ ಆಟದ ಅಂಗಡಿಯಲ್ಲಿ ಮಕ್ಕಳ ತಲೆಗೆ ಹೆಡ್‌ಸೆಟ್ ಬಂದಾಗಿದೆ. ಕಾಲೇಜುಗಳ ಜಾಹೀರಾತಿನಲ್ಲಿ ‘ವಿಆರ್ ಲ್ಯಾಬ್’ ಅನ್ನೋ ಮಾತು ಕಾಣುತ್ತಿದೆ.

ಒಳಗೆ ಹೋದ ಹಾಗೆ ಅನಿಸೋದು ಹೇಗೆ?

ವರ್ಚುವಲ್ ರಿಯಾಲಿಟಿ, ಅಂದರೆ ವಿಆರ್, ನಿಮ್ಮ ಕಣ್ಣಿನಿಂದ ಸುತ್ತಲಿನ ಕೋಣೆಯನ್ನು ಪೂರ್ತಿ ಮರೆಮಾಡಿ ಬೇರೊಂದು ಜಾಗವನ್ನು ತೋರಿಸುತ್ತದೆ. ಇದರ ತಮ್ಮನಂಥದ್ದು ಆಗ್ಮೆಂಟೆಡ್ ರಿಯಾಲಿಟಿ, ಎಆರ್. ಅದರಲ್ಲಿ ಕೋಣೆ ಕಾಣುತ್ತಲೇ ಇರುತ್ತದೆ, ಅದರ ಮೇಲೆ ಚಿತ್ರಗಳು ಕೂರುತ್ತವೆ. ಎರಡನ್ನೂ ಸೇರಿಸಿ ಎಕ್ಸ್‌ಆರ್ ಅನ್ನುತ್ತಾರೆ. ಸರ್ಕಾರಿ ಕಾಗದಗಳಲ್ಲಿ ಕಾಣುವುದು ಈ ಹೆಸರೇ.

ಹೆಡ್‌ಸೆಟ್ ಒಳಗೆ ಎರಡೂ ಕಣ್ಣಿಗೆ ಬೇರೆ ಬೇರೆ ಚಿತ್ರ ಬೀಳುತ್ತದೆ. ಎರಡರ ನಡುವೆ ಸಣ್ಣ ವ್ಯತ್ಯಾಸ. ನಿಜವಾದ ಜಗತ್ತಿನಲ್ಲೂ ಎಡಗಣ್ಣು ಬಲಗಣ್ಣು ಒಂದೇ ವಸ್ತುವನ್ನು ತುಸು ಬೇರೆ ಕೋನದಿಂದ ನೋಡುತ್ತವೆ, ಮಿದುಳು ಅದರಿಂದಲೇ ದೂರ ಎಷ್ಟು ಅಂತ ಅಳೆಯುತ್ತದೆ. ಇಷ್ಟು ಮಾತ್ರ ಆಗಿದ್ದರೆ ಅದು ಸುಮ್ನೆ 3ಡಿ ಚಿತ್ರ. ಅಸಲಿ ಕೈಚಳಕ ಇರುವುದು ತಲೆ ಅಲ್ಲಾಡಿಸಿದಾಗ. ನೀವು ಕತ್ತನ್ನು ಬಲಕ್ಕೆ ತಿರುಗಿಸಿದರೆ ಹೆಡ್‌ಸೆಟ್‌ನ ಸೆನ್ಸರುಗಳು ಅದನ್ನು ಕೂಡಲೇ ಗ್ರಹಿಸುತ್ತವೆ, ಬಲಗಡೆ ಏನು ಕಾಣಬೇಕೋ ಅದನ್ನು ಯಂತ್ರ ಹೊಸದಾಗಿ ಬರೆಯುತ್ತದೆ. ಹೊರಮೈಯ ಕ್ಯಾಮೆರಾಗಳು ಕೋಣೆಯ ಗೋಡೆ, ಮೇಜು ನೋಡಿಕೊಂಡು ನೀವು ಎಲ್ಲಿ ನಿಂತಿದ್ದೀರಿ ಅಂತ ಲೆಕ್ಕ ಹಾಕುತ್ತವೆ. ಇದೆಲ್ಲ ಸೆಕೆಂಡಿಗೆ 72, 90, ಕೆಲವು ಸಲ 120 ಬಾರಿ ನಡೆಯಬೇಕು.

ತಲೆ ತಿರುಗಿದ್ದಕ್ಕೂ ಚಿತ್ರ ಬದಲಾಗಿದ್ದಕ್ಕೂ ನಡುವೆ ಸುಮಾರು 20 ಮಿಲಿಸೆಕೆಂಡಿಗಿಂತ ಜಾಸ್ತಿ ತಡವಾದರೆ ಮಿದುಳಿಗೆ ಅನುಮಾನ ಬರುತ್ತದೆ. ಹೊಟ್ಟೆ ತೊಳಸುವುದಕ್ಕೆ ಇದೂ ಒಂದು ಕಾರಣ. ಇನ್ನೊಂದು ಕಾರಣ, ನೀವು ಒಳಗೆ ಓಡುತ್ತಿರುವ ಹಾಗೆ ಕಣ್ಣು ಹೇಳುತ್ತದೆ, ಆದರೆ ಒಳಕಿವಿಯ ಸಮತೋಲನ ಅಂಗ ‘ಇಲ್ಲ, ನಿಂತಲ್ಲೇ ಇದ್ದೀವಿ’ ಅನ್ನುತ್ತದೆ. ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ಮೊಬೈಲ್ ನೋಡುತ್ತಾ ಕೂತವರಿಗೆ ವಾಂತಿ ಬರುವುದೂ ಇದೇ ಜಗಳದಿಂದ, ಅಲ್ಲಿ ಕಣ್ಣು ಕಿವಿ ಹೇಳುವುದು ಅದಲುಬದಲು ಅಷ್ಟೇ.

ಆಲೋಚನೆ ಹಳೆಯದು. 1968ರಲ್ಲೇ ಅಮೆರಿಕದ ಇವಾನ್ ಸದರ್ಲೆಂಡ್ ತಲೆಗೆ ಹಾಕುವ ಇಂಥ ಪರದೆಯನ್ನು ಮಾಡಿದ್ದರು. ಭಾರ ಎಷ್ಟಿತ್ತು ಅಂದರೆ ಅದನ್ನು ಸೂರಿನಿಂದ ತೂಗುಹಾಕಬೇಕಿತ್ತು. ಮೊಬೈಲ್‌ ಫೋನ್‌ಗಳ ದೆಸೆಯಿಂದ ಸಣ್ಣ ಪರದೆ, ಸೆನ್ಸರುಗಳು ಅಗ್ಗವಾದ ಮೇಲೆಯೇ ಅದು ಮನೆಗೆ ಬಂದದ್ದು.

ಇಲ್ಲಿ ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ನಿಮ್ಮನ್ನು ಸತತವಾಗಿ ಗಮನಿಸದೆ ಈ ಯಂತ್ರ ಕೆಲಸವೇ ಮಾಡುವುದಿಲ್ಲ. ಫೋನಿನಲ್ಲಿ ಲೊಕೇಶನ್ ಆಫ್ ಮಾಡಿ ಫೋನ್ ಬಳಸಬಹುದು. ಹೆಡ್‌ಸೆಟ್‌ನಲ್ಲಿ ತಲೆಯ ಚಲನೆಯನ್ನು ಆಫ್ ಮಾಡಿದರೆ ಲೋಕವೇ ಇಲ್ಲ.

ಒಬ್ಬರ ಆಟದಿಂದ ಹಲವರ ಊರಿಗೆ

ವಿಆರ್ ಒಂದು ಸಾಧನ. ವರ್ಚುವಲ್ ಲೋಕ ಅಂದರೆ ಅದರೊಳಗಿನ ಜಾಗ. ಅಲ್ಲಿ ಬೇರೆಯವರೂ ಇರುತ್ತಾರೆ. ನೀವು ಹೊರಗೆ ಬಂದ ಮೇಲೂ ಅದು ನಡೆಯುತ್ತಲೇ ಇರುತ್ತದೆ. ಒಳಗೆ ನಿಮ್ಮ ಪರವಾಗಿ ಒಂದು ಗೊಂಬೆ ದೇಹ ಓಡಾಡುತ್ತದೆ, ಅದನ್ನು ಅವತಾರ್ ಅಂತ ಕರೆಯುತ್ತಾರೆ. ಇದಕ್ಕೆ ಹೆಡ್‌ಸೆಟ್ ಬೇಕೇ ಬೇಕು ಅಂತಲೂ ಇಲ್ಲ. 2003ರಲ್ಲಿ ಬಂದ ಸೆಕೆಂಡ್ ಲೈಫ್ ಸಾಧಾರಣ ಕಂಪ್ಯೂಟರ್ ಪರದೆಯಲ್ಲೇ ನಡೆಯುತ್ತಿತ್ತು. ಅಲ್ಲಿ ಜನ ಜಾಗ ಕೊಂಡರು, ಅಂಗಡಿ ಇಟ್ಟರು, ಮದುವೆಯೂ ಆದರು.

2021ರ ಅಕ್ಟೋಬರಿನಲ್ಲಿ ಫೇಸ್‌ಬುಕ್ ಕಂಪನಿ ತನ್ನ ಹೆಸರನ್ನೇ ಮೆಟಾ ಅಂತ ಬದಲಿಸಿಕೊಂಡಾಗ ಮೆಟಾವರ್ಸ್ ಅನ್ನೋ ಮಾತು ಎಲ್ಲರ ಬಾಯಿಗೆ ಬಂತು. ಇಂಥ ಲೋಕಗಳಿಗೆಲ್ಲ ಸೇರಿಸಿ ಇಟ್ಟ ಹೆಸರು ಅದು. ಮುಂದಿನ ಇಂಟರ್ನೆಟ್ ಇದೇ ಅಂದರು. ಹಾಗಾಗಲಿಲ್ಲ. ಈ ಕೆಲಸ ನೋಡಿಕೊಳ್ಳುವ ಮೆಟಾದ ವಿಭಾಗ 2022ರಲ್ಲಿ ಸುಮಾರು 1,370 ಕೋಟಿ ಡಾಲರ್, 2023ರಲ್ಲಿ 1,610 ಕೋಟಿ, 2024ರಲ್ಲಿ 1,770 ಕೋಟಿ ಡಾಲರ್ ನಷ್ಟ ತೋರಿಸಿತು. 2023ರಲ್ಲಿ ಡಿಸ್ನಿ ತನ್ನ ಮೆಟಾವರ್ಸ್ ತಂಡವನ್ನು ಮುಚ್ಚಿತು. ಅದೇ ವರ್ಷ ಮೈಕ್ರೋಸಾಫ್ಟ್ ತನ್ನ ಆಲ್ಟ್‌ಸ್ಪೇಸ್ ವಿಆರ್ ಲೋಕಕ್ಕೆ ಬೀಗ ಹಾಕಿತು. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್ 2023ರ ಜನವರಿಯಲ್ಲಿ ‘ಮೆಟಾವರ್ಸ್ ಸೋಲ್’ ಶುರುಮಾಡಿತ್ತು. ನಗರಾಡಳಿತದ ಸೇವೆಗಳನ್ನು ಅವತಾರ್ ಆಗಿ ಹೋಗಿ ಪಡೆಯಬಹುದು ಅನ್ನೋದು ಅದರ ಆಸೆ. 2024ರಲ್ಲಿ ಅದನ್ನೂ ನಿಲ್ಲಿಸಿದರು. ಫಾರಂ ತುಂಬುವುದಕ್ಕೆ ವೆಬ್‌ಸೈಟ್ ಸಾಕಿರುವಾಗ ಗೊಂಬೆಯಾಗಿ ಕೌಂಟರ್ ತನಕ ನಡೆದುಕೊಂಡು ಹೋಗುವುದು ಯಾಕೆ, ಅಲ್ವಾ?

ಹಾಗಾದರೆ ಇದರಿಂದ ಯಾರಿಗೆ ಉಪಯೋಗ?

ಸದ್ದು ಅಡಗಿದ ಮೇಲೆ ಉಳಿದದ್ದು ಸ್ವಾರಸ್ಯವಾಗಿದೆ. ಈ ಲೋಕಗಳು ಹೆಚ್ಚು ಕೆಲಸಕ್ಕೆ ಬಂದಿರುವುದು ಆಸ್ಪತ್ರೆಗಳಲ್ಲಿ.

ಸುಟ್ಟ ಗಾಯಕ್ಕೆ ಡ್ರೆಸ್ಸಿಂಗ್ ಬದಲಿಸುವಾಗಿನ ನೋವು ಎಂಥದ್ದು ಅಂತ ಅನುಭವಿಸಿದವರಿಗೇ ಗೊತ್ತು. ಔಷಧಿ ಕೊಟ್ಟರೂ ಪೂರ್ತಿ ಹೋಗುವುದಿಲ್ಲ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್, ಡೇವಿಡ್ ಪ್ಯಾಟರ್ಸನ್ ಒಂದು ಪ್ರಯೋಗಕ್ಕೆ ಇಳಿದರು. ಡ್ರೆಸ್ಸಿಂಗ್ ನಡೆಯುವಾಗ ರೋಗಿಯನ್ನು ವಿಆರ್ ಲೋಕದೊಳಗೆ ಕಳಿಸುವುದು. ಆಮೇಲೆ ಅದಕ್ಕೆಂದೇ ಹಿಮದ ಕಣಿವೆಯೊಂದನ್ನು ಕಟ್ಟಿದರು. ಸುತ್ತ ಮಂಜು, ಪೆಂಗ್ವಿನ್‌ಗಳು, ಅವುಗಳ ಮೇಲೆ ಎಸೆಯಲು ಹಿಮದ ಉಂಡೆ. ರೋಗಿಗಳಿಗೆ ನೋವು ಗಣನೀಯವಾಗಿ ಕಡಿಮೆ ಅನಿಸಿತು. ಮಾಟವೇನಿಲ್ಲ. ನೋವು ಗೊತ್ತಾಗಬೇಕಾದರೆ ಮಿದುಳಿನ ಗಮನ ಅದರ ಕಡೆ ಇರಬೇಕು, ಮತ್ತು ಗಮನ ಅನ್ನೋದು ಅಳತೆ ಇರುವ ವಸ್ತು. ಹಿಮದ ಕಣಿವೆ ಅದರಲ್ಲಿ ದೊಡ್ಡ ಪಾಲು ಕಿತ್ತುಕೊಳ್ಳುತ್ತದೆ. ಟಿವಿ ಇಟ್ಟರೆ ಇಷ್ಟು ಆಗುವುದಿಲ್ಲ, ಯಾಕೆಂದರೆ ಟಿವಿಯ ಪಕ್ಕದಲ್ಲೇ ಗಾಯವೂ ಕಾಣುತ್ತಿರುತ್ತದೆ.

2021ರ ನವೆಂಬರಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಬಹುಕಾಲದ ಸೊಂಟನೋವಿಗೆ ವೈದ್ಯರು ಚೀಟಿ ಬರೆದು ಕೊಡಬಹುದಾದ ಒಂದು ವಿಆರ್ ಚಿಕಿತ್ಸೆಗೆ ಅನುಮತಿ ಕೊಟ್ಟಿತು. ಮನೆಯಲ್ಲೇ ಎಂಟು ವಾರ, ದಿನಕ್ಕೊಂದು ಸಲ ಹಾಕಿಕೊಳ್ಳುವ ಕ್ರಮ ಅದು. ಉಸಿರಾಟ, ಗಮನದ ಅಭ್ಯಾಸ ಅದರಲ್ಲಿ ಇರುತ್ತದೆ. ಎತ್ತರದ ಭಯ, ವಿಮಾನದ ಭಯ, ಯುದ್ಧದಿಂದ ಬಂದ ಸೈನಿಕರ ಮಾನಸಿಕ ಆಘಾತ ಇವಕ್ಕೂ ಬಳಕೆ ಇದೆ. ಭಯದ ಸಂದರ್ಭವನ್ನು ವೈದ್ಯರ ಕಣ್ಣೆದುರೇ, ಸ್ವಲ್ಪ ಸ್ವಲ್ಪವಾಗಿ ಎದುರಿಸುವ ಹಳೆಯ ಚಿಕಿತ್ಸೆಗೆ ಇದು ಹೊಸ ದಾರಿ.

ತರಬೇತಿಯದು ಇನ್ನೊಂದು ಕಥೆ. 2002ರಲ್ಲಿ ಪ್ರಕಟವಾದ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 16 ಜನ ಯುವ ಸರ್ಜನ್‌ಗಳಿದ್ದರು. ಅರ್ಧ ಜನರಿಗೆ ಮಾಮೂಲಿ ತರಬೇತಿ, ಉಳಿದವರಿಗೆ ಅದರ ಜೊತೆ ಕಂಪ್ಯೂಟರ್ ಪರದೆಯ ವರ್ಚುವಲ್ ಅಭ್ಯಾಸ. ಆಮೇಲೆ ಪಿತ್ತಕೋಶದ ಶಸ್ತ್ರಚಿಕಿತ್ಸೆ ಮಾಡಿಸಿದಾಗ ಎರಡನೇ ಗುಂಪಿನವರ ಕೈ 29% ಬೇಗ ನಡೆಯಿತು. ತಪ್ಪುಗಳು ಮೊದಲ ಗುಂಪಿನವರದ್ದರ ಸುಮಾರು ಆರನೇ ಒಂದು ಪಾಲು. ಸಣ್ಣ ಗುಂಪಿನ ಅಧ್ಯಯನ, ನಿಜ. ಆದರೂ ಮೊದಲ ತಪ್ಪನ್ನು ರೋಗಿಯ ಹೊಟ್ಟೆಯಲ್ಲಿ ಮಾಡುವುದಕ್ಕಿಂತ ಕಂಪ್ಯೂಟರಿನಲ್ಲಿ ಮಾಡುವುದು ವಾಸಿ.

ಕರ್ನಾಟಕಕ್ಕೂ ಇಲ್ಲೊಂದು ನಂಟಿದೆ. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ‘ಇಂಡಿಯನ್ ಡಿಜಿಟಲ್ ಹೆರಿಟೇಜ್’ ಯೋಜನೆ ಕೈಗೆತ್ತಿಕೊಂಡಾಗ ಆರಿಸಿಕೊಂಡದ್ದು ಹಂಪಿಯನ್ನು. ಇವತ್ತು ಬಿದ್ದಿರುವ ಭಾಗಗಳು ಆಗ ಹೇಗಿದ್ದಿರಬಹುದು ಅನ್ನೋದನ್ನು ಕಂಪ್ಯೂಟರಿನಲ್ಲಿ ಎತ್ತಿ ನಿಲ್ಲಿಸುವ ಕೆಲಸ ಅದು. ಒಂದು ಕಲ್ಲನ್ನೂ ಮುಟ್ಟದೆ ಮಾಡಬಹುದು. ತಪ್ಪು ಅಂತ ಗೊತ್ತಾದರೆ ತಿದ್ದಬಹುದು.

ಎಲ್ಲದಕ್ಕೂ ಹೆಡ್‌ಸೆಟ್ ಬೇಕಾ? ಇಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್ ಈ ಕ್ಷೇತ್ರದಲ್ಲಿ ದಶಕಗಳಿಂದ ಕೆಲಸ ಮಾಡಿದವರು. ಅವರ ಅಳತೆಗೋಲು ಸರಳ. ನಿಜ ಜಗತ್ತಿನಲ್ಲಿ ಮಾಡಲು ಅಪಾಯಕಾರಿ, ಅಸಾಧ್ಯ, ಮಾಡಿದರೆ ಹಾನಿ, ಅಥವಾ ತುಂಬಾ ದುಬಾರಿ ಆಗಿದ್ದರೆ ವಿಆರ್‌ನಲ್ಲಿ ಮಾಡಿ. ಇಲ್ಲದಿದ್ದರೆ ಬೇಡ. ಬೆಂಕಿ ನಂದಿಸುವ ತರಬೇತಿ ಈ ಜರಡಿಯಲ್ಲಿ ಪಾಸಾಗುತ್ತದೆ. ಏಳನೇ ತರಗತಿಯ ಪಾಠ ಓದಿ ಹೇಳುವುದು ಆಗುವುದಿಲ್ಲ.

ನೀವು ನಿಲ್ಲುವ ಭಂಗಿಯೂ ಒಂದು ಸಹಿ

ಯಂತ್ರ ನಿಮ್ಮನ್ನು ಸತತ ಗಮನಿಸುತ್ತದೆ ಅಂದೆವಲ್ಲ, ಆ ಮಾಹಿತಿಯಿಂದ ಏನು ತಿಳಿಯುತ್ತದೆ? 2020ರಲ್ಲಿ ಸ್ಟ್ಯಾನ್‌ಫರ್ಡ್‌ನ ತಂಡವೊಂದು 511 ಜನರಿಗೆ ವಿಆರ್‌ನಲ್ಲಿ ವಿಡಿಯೊಗಳನ್ನು ತೋರಿಸಿತು. ಹೆಸರು, ಮುಖ ಏನೂ ಇಲ್ಲ, ತಲೆ ಮತ್ತು ಕೈಗಳ ಚಲನೆ ಮಾತ್ರ. ಒಬ್ಬೊಬ್ಬರದ್ದು ಐದು ನಿಮಿಷಕ್ಕೂ ಕಡಿಮೆ ಮಾಹಿತಿ ಕಲಿತ ಕಂಪ್ಯೂಟರ್, ಯಾರು ಯಾರೆಂದು 95% ಸಲ ಸರಿಯಾಗಿ ಗುರುತಿಸಿತು. 2023ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಬಹಳ ದೊಡ್ಡ ಗುಂಪಿನ ಮೇಲೆ ನೋಡಿದರು. ಹಾಡಿನ ತಾಳಕ್ಕೆ ಕತ್ತಿ ಬೀಸುವ ಆಟವೊಂದರ 50,000ಕ್ಕೂ ಜಾಸ್ತಿ ಆಟಗಾರರು. ಒಮ್ಮೆ ಕಲಿತ ಮೇಲೆ 100 ಸೆಕೆಂಡಿನ ಚಲನೆ ಸಾಕಾಯಿತು, 94% ಸಲ ಗುರುತು ಸರಿ.

ನಾವು ಎಷ್ಟು ಎತ್ತರ, ಕೈ ಎಷ್ಟು ಉದ್ದ, ಯಾವ ಕೈ ಮುಂದು, ಎಷ್ಟು ಬೇಗ ಹೊರಳುತ್ತೇವೆ, ಇವೆಲ್ಲ ಸೇರಿ ಒಬ್ಬೊಬ್ಬರದ್ದೂ ಬೇರೆ. ಪಾಸ್‌ವರ್ಡ್ ಕದ್ದರೆ ಬದಲಿಸಬಹುದು. ನಡೆಯುವ ರೀತಿಯನ್ನು ಬದಲಿಸುವುದು ಹೇಗೆ? ಕಣ್ಣಿನ ಚಲನೆಯೂ ಸೇರಿದರೆ ಲೆಕ್ಕ ಇನ್ನೂ ಆಳಕ್ಕೆ ಹೋಗುತ್ತದೆ. ಯಾವುದರ ಮೇಲೆ ಕಣ್ಣು ನಿಂತಿತು, ಎಷ್ಟು ಹೊತ್ತು ನಿಂತಿತು ಅನ್ನೋದು ಜಾಹೀರಾತಿನವರಿಗೆ ಬಂಗಾರ.

ಆದರೆ ಗಮನಿಸುವುದು ಬೇರೆ, ಗಮನಿಸಿದ್ದನ್ನು ಹಂಚುವುದು ಬೇರೆ. 2024ರಲ್ಲಿ ಬಂದ ಆ್ಯಪಲ್ ವಿಷನ್ ಪ್ರೊ ಹೆಡ್‌ಸೆಟ್‌ನಲ್ಲಿ ನೋಟದಿಂದಲೇ ಬಟನ್ ಆರಿಸಬೇಕು. ಕಣ್ಣು ಎಲ್ಲೆಲ್ಲಿ ಅಲೆಯಿತು ಅನ್ನೋದು ಯಂತ್ರದಲ್ಲೇ ಉಳಿಯುತ್ತದೆ, ಬೆರಳು ಚಿವುಟಿ ಆರಿಸಿದ್ದು ಮಾತ್ರ ಆ್ಯಪ್‌ಗೆ ತಿಳಿಯುತ್ತದೆ ಅಂತ ಕಂಪನಿ ಹೇಳುತ್ತದೆ. ಸೆನ್ಸರ್ ಅದೇ, ನಿಯಮ ಬೇರೆ. ಆದರೆ ಆ ನಿಯಮವನ್ನು ಮಾಡಿದ್ದು ಕಂಪನಿ. ನಾಳೆ ಬದಲಿಸಬೇಕು ಅನಿಸಿದರೆ ತಡೆಯುವುದು ಕಾನೂನು ಮಾತ್ರ.

ಅವತಾರ್ ಮೇಲೆ ಕೈ ಮಾಡಿದರೆ?

2021ರ ಕೊನೆಯಲ್ಲಿ ಮೆಟಾದ ಹೊರೈಜ಼ನ್ ವರ್ಲ್ಡ್ಸ್ ಅನ್ನೋ ವರ್ಚುವಲ್ ಲೋಕ ಪ್ರಯೋಗದ ಹಂತದಲ್ಲಿದ್ದಾಗ, ಅಪರಿಚಿತನೊಬ್ಬ ತನ್ನ ಅವತಾರ್‌ನ ಮೈಮೇಲೆ ಕೈಯಾಡಿಸಿದ ಎಂದು ಮಹಿಳೆಯೊಬ್ಬರು ದೂರಿದರು. ಮರುವರ್ಷ ಫೆಬ್ರವರಿಯಲ್ಲಿ ಕಂಪನಿ ಪ್ರತಿ ಅವತಾರ್ ಸುತ್ತ ಕಾಣದ ಬೇಲಿ ಹಾಕಿತು. ಇಬ್ಬರ ನಡುವೆ ಸುಮಾರು ನಾಲ್ಕು ಅಡಿ ಅಂತರ. 2024ರ ಜನವರಿಯಲ್ಲಿ ಬ್ರಿಟನ್ನಿನಿಂದ ಇನ್ನೂ ಗಂಭೀರ ಸುದ್ದಿ ಬಂತು. 16ರ ಒಳಗಿನ ಹುಡುಗಿಯೊಬ್ಬಳ ಅವತಾರ್ ಮೇಲೆ ಹಲವರು ಸೇರಿ ನಡೆಸಿದ ದೌರ್ಜನ್ಯವನ್ನು ಪೊಲೀಸರು ತನಿಖೆ ಮಾಡುತ್ತಿದ್ದಾರೆ ಅಂತ.

‘ಹೆಡ್‌ಸೆಟ್ ತೆಗೆದರೆ ಮುಗಿಯಿತಲ್ಲ’ ಅನ್ನುವವರಿದ್ದಾರೆ. ಆದರೆ ಒಳಗೆ ಇದ್ದೇವೆ ಅಂತ ಮಿದುಳನ್ನು ನಂಬಿಸುವುದೇ ಈ ತಂತ್ರಜ್ಞಾನದ ಬಂಡವಾಳ. ಸುಟ್ಟ ಗಾಯದ ನೋವು ಮರೆಸುವಷ್ಟು ಹಿಮ ನಿಜ ಅನಿಸುತ್ತದೆ ಅಂದಮೇಲೆ, ಮೈಮೇಲೆ ಬಿದ್ದ ಗುಂಪು ಮಾತ್ರ ಸುಳ್ಳು ಅನಿಸಬೇಕು ಅನ್ನೋದು ನ್ಯಾಯವಲ್ಲ. ಕಾನೂನಿಗೆ ಇರುವ ಕಷ್ಟ ಬೇರೆ. ಇಂಗ್ಲೆಂಡಿನ 2003ರ ಲೈಂಗಿಕ ಅಪರಾಧಗಳ ಕಾಯ್ದೆಯಲ್ಲಿ ಲೈಂಗಿಕ ಹಲ್ಲೆ ಅಂದರೆ ದೇಹ ಮುಟ್ಟುವುದು. ಇಲ್ಲಿ ಮುಟ್ಟಿದ್ದು ಯಾರನ್ನು?

ಸಾಕ್ಷಿಯದ್ದು ಇನ್ನೂ ಕಗ್ಗಂಟು. ಸಂದೇಶ ಕಳಿಸಿ ಪೀಡಿಸಿದರೆ ಅದು ಫೋನಿನಲ್ಲಿ ಉಳಿಯುತ್ತದೆ. ವರ್ಚುವಲ್ ಲೋಕದಲ್ಲಿ ಮಾತು, ಸನ್ನೆ ಗಾಳಿಗೆ ಹೋಗುತ್ತವೆ. ಎಲ್ಲರ ಎಲ್ಲ ಮಾತನ್ನೂ ರೆಕಾರ್ಡ್ ಮಾಡಿಟ್ಟರೆ ಸಾಕ್ಷಿ ಸಿಗುತ್ತದೆ, ಆದರೆ ಅದು ಎಲ್ಲರ ಮೇಲೂ ಬೇಹುಗಾರಿಕೆ. ಈ ಗಂಟನ್ನು ಯಾರೂ ಇನ್ನೂ ಚೊಕ್ಕವಾಗಿ ಬಿಡಿಸಿಲ್ಲ.

ಸಂತೆ ಯಾರ ಜಾಗದಲ್ಲಿ?

ಪಂಚಾಯಿತಿ ಜಾಗದಲ್ಲಿ ನಡೆಯುವ ಸಂತೆಯನ್ನು ನೆನೆಸಿಕೊಳ್ಳಿ. ಸುಂಕ ಕಟ್ಟಿದ ಯಾರು ಬೇಕಾದರೂ ಅಂಗಡಿ ಹಾಕಬಹುದು. ವ್ಯಾಪಾರ ಗಿಟ್ಟದಿದ್ದರೆ ಅದೇ ತಕ್ಕಡಿ ಹೊತ್ತು ಪಕ್ಕದ ಊರಿನ ಸಂತೆಗೆ ಹೋಗಬಹುದು. ಈಗ ಅದೇ ಸಂತೆ ಒಬ್ಬ ಜಮೀನ್ದಾರರ ತೋಟದಲ್ಲಿದೆ ಅಂದುಕೊಳ್ಳಿ. ತಕ್ಕಡಿಯೂ ಅವರದ್ದೇ, ಅಲ್ಲಿಯ ನಾಣ್ಯ ಹೊರಗೆ ನಡೆಯುವುದಿಲ್ಲ, ಗೇಟ್ ಮುಚ್ಚಿದರೆ ಗಿರಾಕಿಗಳೂ ಹೋದರು, ಸರಕೂ ಹೋಯಿತು.

ಇವತ್ತಿನ ವರ್ಚುವಲ್ ಲೋಕಗಳು ಬಹುಮಟ್ಟಿಗೆ ಎರಡನೇ ಥರದವು. ಒಂದರಲ್ಲಿ ಕಟ್ಟಿದ ಮನೆ, ಕೊಂಡ ಬಟ್ಟೆ, ಗಳಿಸಿದ ಹೆಸರು ಇನ್ನೊಂದಕ್ಕೆ ಬರುವುದಿಲ್ಲ. ಆಲ್ಟ್‌ಸ್ಪೇಸ್ ಮುಚ್ಚಿದಾಗ ಅಲ್ಲಿ ಜನ ಕಟ್ಟಿಕೊಂಡಿದ್ದ ಜಾಗಗಳೂ ಅದರ ಜೊತೆ ಹೋದವು.

ಬೇರೆ ದಾರಿ ಇದೆಯಾ? ನಾವು ಬಳಸುವ ವೆಬ್ ಅಂಥ ಬೇರೆ ದಾರಿಯಲ್ಲಿ ಬೆಳೆದದ್ದು. 1993ರ ಏಪ್ರಿಲ್ 30ರಂದು ಜಿನೀವಾದ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ ಅದರ ತಂತ್ರಾಂಶವನ್ನು ಯಾರು ಬೇಕಾದರೂ ಪುಕ್ಕಟೆ ಬಳಸಲಿ ಅಂತ ಬಿಟ್ಟುಕೊಟ್ಟಿತು. ಅದಕ್ಕೇ ಇವತ್ತು ಯಾವ ಫೋನಿನಿಂದಲೂ ಯಾವ ವೆಬ್‌ಸೈಟ್ ಬೇಕಾದರೂ ತೆರೆಯುತ್ತದೆ. ವರ್ಚುವಲ್ ಲೋಕಕ್ಕೂ ಇಂಥ ಸಾಮಾನ್ಯ ನಿಯಮಗಳು ಮೆಲ್ಲಗೆ ಬರುತ್ತಿವೆ. 2019ರಲ್ಲಿ ಬಂದ ಓಪನ್ ಎಕ್ಸ್‌ಆರ್‌ನಿಂದ ಒಂದೇ ಆ್ಯಪ್ ಬೇರೆ ಬೇರೆ ಕಂಪನಿಯ ಹೆಡ್‌ಸೆಟ್‌ಗಳಲ್ಲಿ ನಡೆಯುವುದು ಸುಲಭವಾಯಿತು. ಜಿಎಲ್‌ಟಿಎಫ್ ಅನ್ನೋದು 3ಡಿ ವಸ್ತುಗಳನ್ನು ಬರೆದಿಡುವ ಒಂದು ಪದ್ಧತಿ, ಅದು 2022ರಲ್ಲಿ ಅಂತರರಾಷ್ಟ್ರೀಯ ಐಎಸ್‌ಒ ಮಾನದಂಡವಾಯಿತು. ಅದೇ ವರ್ಷ ಇಂಥ ಮಾತುಕತೆಗೆಂದೇ ಮೆಟಾವರ್ಸ್ ಸ್ಟ್ಯಾಂಡರ್ಡ್ಸ್ ಫೋರಂ ಹುಟ್ಟಿತು. ಕುರ್ಚಿಯನ್ನು ಒಂದು ಲೋಕದಿಂದ ಇನ್ನೊಂದಕ್ಕೆ ಒಯ್ಯುವುದು ಈಗ ತಾಂತ್ರಿಕವಾಗಿ ಕಷ್ಟವೇನಲ್ಲ. ಒಯ್ಯಲು ಬಿಡುವ ಮನಸ್ಸು ಗೇಟಿನ ಒಡೆಯರಿಗೆ ಇದೆಯಾ ಅನ್ನೋದೇ ಪ್ರಶ್ನೆ.

150 ಮಂದಿ ಏನು ಹೇಳಿದರು?

ಬ್ರಸೆಲ್ಸ್‌ಗೆ ಬಂದವರು ತಮ್ಮ ಶಿಫಾರಸುಗಳನ್ನು ಎಂಟು ಮೌಲ್ಯಗಳ ಸುತ್ತ ಜೋಡಿಸಿದರು: ಆಯ್ಕೆಯ ಸ್ವಾತಂತ್ರ್ಯ, ಪರಿಸರಕ್ಕೆ ಹೊರೆಯಾಗದಿರುವುದು, ಮನುಷ್ಯ ಕೇಂದ್ರದಲ್ಲಿರುವುದು, ಆರೋಗ್ಯ, ಶಿಕ್ಷಣ, ಸುರಕ್ಷತೆ, ಪಾರದರ್ಶಕತೆ, ಎಲ್ಲರನ್ನೂ ಒಳಗೊಳ್ಳುವುದು. ಪಟ್ಟಿ ನೋಡಿದರೆ ಭಾಷಣದ ಹಾಗಿದೆ. ಆದರೆ ಕೆಳಗಿನ ಬೇಡಿಕೆಗಳು ಕೈಗೆ ಸಿಗುವಂಥವು. ವರ್ಚುವಲ್ ಲೋಕದ ಆ್ಯಪ್‌ಗಳಿಗೆ ಸುರಕ್ಷತೆಯ ಗುರುತು ಇರಲಿ. ಪೊಲೀಸರಿಗೆ ಈ ಲೋಕಗಳಲ್ಲಿ ಕೆಲಸ ಮಾಡಲು ತರಬೇತಿ ಕೊಡಿ. ಆರೋಗ್ಯದ ಮೇಲಿನ ಪರಿಣಾಮದ ಬಗ್ಗೆ ಸಂಶೋಧನೆ ಮಾಡಿಸಿ. ಈ ಕೊನೆಯದು ಮಕ್ಕಳ ವಿಷಯದಲ್ಲಿ ಜರೂರು. ಮೆಟಾ ತನ್ನ ಹೆಡ್‌ಸೆಟ್‌ಗೆ 13 ವರ್ಷ ಅಂತಿದ್ದ ಮಿತಿಯನ್ನು 2023ರಲ್ಲಿ, ಪೋಷಕರ ಉಸ್ತುವಾರಿಯ ಷರತ್ತಿನ ಮೇಲೆ, 10ಕ್ಕೆ ಇಳಿಸಿತು. ಆ ವಯಸ್ಸಿನವರ ಮೇಲೆ ವರ್ಷಗಟ್ಟಲೆ ಬಳಕೆಯಿಂದ ಏನಾಗುತ್ತದೆ ಅನ್ನೋ ಅಧ್ಯಯನಗಳು ಬೆರಳೆಣಿಕೆಯವು.

2023ರ ಜುಲೈ 11ರಂದು, ಇವರನ್ನು ಕರೆಸಿದ್ದ ಯುರೋಪಿಯನ್ ಕಮಿಷನ್, ಅಂದರೆ ಒಕ್ಕೂಟದ ಆಡಳಿತ ಮಂಡಳಿ, ವರ್ಚುವಲ್ ಲೋಕಗಳ ಬಗ್ಗೆ ತನ್ನ ಕಾರ್ಯತಂತ್ರ ಪ್ರಕಟಿಸಿತು, ಅದರಲ್ಲಿ ಈ ಶಿಫಾರಸುಗಳನ್ನು ಬಳಸಿಕೊಂಡಿತು. ಅದು ಹೊಸ ಕಾನೂನಲ್ಲ. ಯುರೋಪಿಗೆ ನಿಜವಾದ ಬಲ ಇರುವುದು ಮೊದಲೇ ಇದ್ದ ಕಾನೂನುಗಳಲ್ಲಿ. 2018ರಿಂದ ಜಾರಿಯಲ್ಲಿರುವ, ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನಾದ ಜಿಡಿಪಿಆರ್ ಪ್ರಕಾರ, ವ್ಯಕ್ತಿಯನ್ನು ಗುರುತಿಸಲು ಬಳಸುವ ದೈಹಿಕ ಲಕ್ಷಣಗಳ ಮಾಹಿತಿಗೆ ವಿಶೇಷ ರಕ್ಷಣೆ ಇದೆ. ನಡೆಯುವ ರೀತಿಯಿಂದ ಯಾರೆಂದು ಪತ್ತೆಹಚ್ಚಿದರೆ ಅದೂ ಇದರೊಳಗೆ ಬರಬಹುದು.

ನಮ್ಮಲ್ಲಿ ಎಲ್ಲಿಗೆ ಬಂದಿದೆ?

ಕರ್ನಾಟಕ 2012ರಲ್ಲೇ ಅನಿಮೇಶನ್, ಗೇಮಿಂಗ್ ಉದ್ಯಮಕ್ಕೆ ನೀತಿ ಮಾಡಿದ ರಾಜ್ಯ. ಈಗಿರುವುದು 2024ರಿಂದ 2029ರವರೆಗಿನ ಎವಿಜಿಸಿ-ಎಕ್ಸ್‌ಆರ್ ನೀತಿ. ಎವಿಜಿಸಿ ಅಂದರೆ ಅನಿಮೇಶನ್, ವಿಶುವಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್. ಹೆಸರಿನಲ್ಲೇ ಎಕ್ಸ್‌ಆರ್ ಬಂದಿದೆ. ಆದರೆ ಅದರ ಗಮನ ಮುಖ್ಯವಾಗಿ ಉದ್ಯೋಗ, ಕೌಶಲ, ಬಂಡವಾಳದ ಮೇಲೆ, ಅಂದರೆ ಈ ಲೋಕಗಳನ್ನು ಕಟ್ಟುವವರ ಮೇಲೆ. ಒಳಗೆ ಹೋಗುವವರ ರಕ್ಷಣೆಗೆ ಕೇಂದ್ರದ ಕಾನೂನನ್ನೇ ನೋಡಬೇಕು.

ಅದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಂಪನಿಗಳ ಮುಖ್ಯ ಹೊಣೆಗಳು ಜಾರಿಗೆ ಬರುವುದು ಅಲ್ಲಿಂದ 18 ತಿಂಗಳಿಗೆ, ಅಂದರೆ 2027ರ ಮೇ ಹೊತ್ತಿಗೆ. ಜಿಡಿಪಿಆರ್‌ನಲ್ಲಿ ಇರುವ ಹಾಗೆ ಸೂಕ್ಷ್ಮ ಮಾಹಿತಿಗೆ ಬೇರೆ ವರ್ಗ ನಮ್ಮ ಕಾಯ್ದೆಯಲ್ಲಿ ಇಲ್ಲ. ಫೋನ್ ನಂಬರಿಗೂ ಕಣ್ಣಿನ ಚಲನೆಗೂ ಒಂದೇ ಅಳತೆ. ಮಕ್ಕಳ ವಿಷಯದಲ್ಲಿ ಮಾತ್ರ ನಮ್ಮದು ಬಿಗಿ. 18 ವರ್ಷದ ಒಳಗಿನ ಯಾರ ಮಾಹಿತಿ ಬಳಸಬೇಕಾದರೂ ಪೋಷಕರ ಒಪ್ಪಿಗೆ ಬೇಕು, ಅದು ಪೋಷಕರದ್ದೇ ಅಂತ ಖಾತ್ರಿಪಡಿಸಿಕೊಳ್ಳಬೇಕು. ಮಕ್ಕಳ ವರ್ತನೆಯ ಮೇಲೆ ಕಣ್ಣಿಡುವುದು, ಅವರಿಗೇ ಗುರಿಯಿಟ್ಟು ಜಾಹೀರಾತು ತೋರಿಸುವುದು ನಿಷಿದ್ಧ. ಕೆಲವು ವಿನಾಯಿತಿಗಳೂ ಇವೆ.

ಹಾಗಾಗಿ ಶಾಲೆಯವರು ‘ವಿಆರ್ ಕ್ಲಾಸ್’ ಅಂತ ಒಪ್ಪಿಗೆ ಪತ್ರ ಕಳಿಸಿದರೆ ಸಹಿ ಹಾಕುವ ಮುಂಚೆ ಕೇಳಬಹುದಾದ್ದು ಇಷ್ಟು. ತಲೆ, ಕೈ, ಕಣ್ಣಿನ ಚಲನೆಯ ಮಾಹಿತಿ ಹೆಡ್‌ಸೆಟ್‌ನಲ್ಲೇ ಅಳಿಸಿಹೋಗುತ್ತದೋ, ಕಂಪನಿಗೆ ಹೋಗುತ್ತದೋ? ಮಗು ತನ್ನ ಹೆಸರಿನ ಖಾತೆಯಲ್ಲಿ ಒಳಗೆ ಹೋಗುತ್ತದೋ, ಶಾಲೆಯ ಖಾತೆಯಲ್ಲೋ? ಒಳಗೆ ಅಪರಿಚಿತರು ಸಿಗುತ್ತಾರೋ? ಒಂದು ಸಲಕ್ಕೆ ಎಷ್ಟು ನಿಮಿಷ? ಕಾಯ್ದೆಯ ಪ್ರಕಾರ ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಆ 22 ಭಾಷೆಗಳಲ್ಲಿ ಕನ್ನಡವೂ ಒಂದು. ಕೊಟ್ಟ ಒಪ್ಪಿಗೆಯನ್ನು ವಾಪಸ್ ಪಡೆಯುವುದೂ ಕೊಟ್ಟಷ್ಟೇ ಸುಲಭವಾಗಿರಬೇಕು.